ಕೊಚ್ಚಿಹೋದ ಸೇತುವೆಯೂ ಕಟ್ಟುವವರ ಹೊಣೆಯೂ

ಬಾಳೆಲೆಯಲ್ಲಿ ಕುಳಿತು ರೈಲ್ವೆ ಸೇತುವೆಯ ವಿಚಾರವನ್ನು ಬರೆಯಹೊರಟರೆ ನಮ್ಮ ವಾಚಕರಲ್ಲಿ ಕೆಲವರಾದರೂ ನಗದಿರಲಾರರು. ಕೊಡಗಿನ ನೆಲದ ಮೇಲೆ ಇಂದಿಗೂ ಒಂದು ಗಜದಷ್ಟು ರೈಲುಹಳಿ ಇಲ್ಲ. ಹಿಂದೆ ನಮ್ಮ ಕಾಫಿಯ ಮೂಟೆಗಳು ಎತ್ತಿನ ಗಾಡಿಗಳಲ್ಲಿ ಘಾಟಿಯಿಳಿದು ತಲಚೇರಿಯ ಬಂದರನ್ನು ಸೇರುತ್ತಿದ್ದವು. ಇಂದು ಲಾರಿಗಳಲ್ಲಿ ಹೋಗುತ್ತವೆ. ರೈಲು ಹತ್ತಬೇಕಾದರೆ ನಮ್ಮವರು ಮೈಸೂರಿಗೋ ಮಂಗಳೂರಿಗೋ ತಲಚೇರಿಗೋ ಹೋಗತಕ್ಕದ್ದು. ಹೀಗಿರುವಲ್ಲಿ, ರೈಲೇ ಇಲ್ಲದವರಿಗೆ ರೈಲ್ವೆ ಸೇತುವೆಯ ಚಿಂತೆ ಏತಕ್ಕೆ ಎಂದು ಕೇಳುವವರಿಗೆ ನಾವು ಮೊದಲು ಉತ್ತರ ಕೊಡಬೇಕಾಗಿದೆ.

ನಮ್ಮ ಉತ್ತರವನ್ನು ಲಕ್ಷ್ಮಣತೀರ್ಥ ನದಿಯೇ ಕೊಡುತ್ತದೆ. ಬ್ರಹ್ಮಗಿರಿಯಲ್ಲಿ ಹುಟ್ಟಿ, ಇರ್ಪುವಿನಲ್ಲಿ ಧುಮುಕಿ, ಬಾಳೆಲೆಯ ಸೀಮೆಯ ಗದ್ದೆಗಳನ್ನು ತೋಯಿಸಿ, ಹುಣಸೂರನ್ನು ಹಾದು ಆ ನದಿಯು ಕೃಷ್ಣರಾಜಸಾಗರದ ನೀರಿನಲ್ಲಿ ಕಾವೇರಿಯನ್ನು ಕೂಡುತ್ತದೆ. ಹಾಗೆ ಕೂಡುವುದಕ್ಕೆ ಮುಂಚೆ, ಸಾಗರಕಟ್ಟೆಯ ಸಮೀಪದಲ್ಲಿ, ಮೈಸೂರಿನಿಂದ ಹಾಸನಕ್ಕೆ ಹೋಗುವ ರೈಲುಮಾರ್ಗವು ಅದನ್ನು ದಾಟುತ್ತದೆ. ಕಕ್ಕಡ ಮಾಸದಲ್ಲಿ ನಮ್ಮ ಅಂಗಳಗಳಲ್ಲಿ ಸುರಿದ ಮಳೆಯ ನೀರು ಕೆಲವು ದಿನಗಳಲ್ಲಿ ಆ ಸೇತುವೆಯ ಕಂಬಗಳನ್ನು ಸೋಕುತ್ತದೆ. ನಾವು ನಮ್ಮ ಬೆಟ್ಟದ ಮರವನ್ನು ಉಳಿಸಿದರೂ ಕಡಿದರೂ, ತೋಡನ್ನು ತೆರವಾಗಿಟ್ಟರೂ ಮುಚ್ಚಿದರೂ, ಅದರ ಫಲವು ಕೆಳಗಿನವರ ಹಳಿಯ ಬುಡಕ್ಕೆ ಹೋಗಿ ಮುಟ್ಟುತ್ತದೆ. ರೈಲು ನಮ್ಮಲ್ಲಿಗೆ ಬಂದಿಲ್ಲವೆಂಬುದು ನಿಜ; ನಮ್ಮ ನೀರು ಮಾತ್ರ ರೈಲಿನ ಬಳಿಗೆ ಎಂದೋ ಹೋಗಿದೆ.

ಇನ್ನೊಂದು ಉತ್ತರವೂ ಉಂಟು. ೨೦೧೮ನೆಯ ಇಸವಿಯ ಆಗಸ್ಟ್ ತಿಂಗಳನ್ನು ಕೊಡಗಿನವರು ಮರೆಯಲಾರರು. ಆಗ ಮಕ್ಕಂದೂರು, ಜೋಡುಪಾಲ ಮೊದಲಾದ ಕಡೆಗಳಲ್ಲಿ ಬೆಟ್ಟಗಳೇ ಜಾರಿ ಬಂದವು. ಮಡಿಕೇರಿಯಿಂದ ಸಂಪಾಜೆಯ ಮಾರ್ಗವಾಗಿ ಮಂಗಳೂರಿಗೆ ಹೋಗುವ ಹೆದ್ದಾರಿ ಕಡಿದುಹೋಯಿತು. ಶಿರಾಡಿ ಘಾಟಿಯ ರಸ್ತೆಯೂ ಮುಚ್ಚಿತು. ಅದೇ ಮಳೆಯಲ್ಲಿ ಸಕಲೇಶಪುರಕ್ಕೂ ಸುಬ್ರಹ್ಮಣ್ಯಕ್ಕೂ ನಡುವಣ ರೈಲುಮಾರ್ಗದ ಮೇಲೆ ಹತ್ತಾರು ಕಡೆ ಮಣ್ಣೂ ಬಂಡೆಗಳೂ ಉರುಳಿದವು. ಅಕ್ಟೋಬರ್ ತಿಂಗಳು ಬರುವವರೆಗೂ ಆ ಮಾರ್ಗದಲ್ಲಿ ಗಾಡಿ ಓಡಲಿಲ್ಲ. ಹೀಗೆ ಕನ್ನಡ ನಾಡಿನ ಮಲೆಯೂ ಕರಾವಳಿಯೂ ಒಂದರಿಂದೊಂದು ಬೇರ್ಪಟ್ಟು ನಿಂತಾಗ, ಆಸ್ಪತ್ರೆಗೆಂದು ಹೊರಟ ರೋಗಿಗೆ, ಕಾಲೇಜಿಗೆಂದು ಹೊರಟ ಹುಡುಗನಿಗೆ, ಸರಕು ಕಾಯುತ್ತಿದ್ದ ವರ್ತಕನಿಗೆ ಸೇತುವೆಯೆಂದರೇನೆಂಬುದು ಪಾಠಪುಸ್ತಕವಿಲ್ಲದೆಯೇ ತಿಳಿಯಿತು. ೨೦೨೪ರ ಜುಲೈ ೨೬ರಂದು ಎಡಕುಮೇರಿಗೂ ಕಡಗರವಳ್ಳಿಗೂ ನಡುವೆ ಅದೇ ಮಾರ್ಗದ ಏರಿ ಮತ್ತೆ ಕುಸಿಯಿತು. ಐವತ್ತೇಳು ಸುರಂಗಗಳನ್ನೂ ಸಾಲು ಸಾಲು ಸೇತುವೆಗಳನ್ನೂ ಹೊತ್ತು, ೫೦ ಅಡಿಗೆ ಒಂದಡಿಯಂತೆ ಇಳಿಯುವ ಈ ಮಾರ್ಗವು ಮಳೆಗಾಲ ಬಂದಾಗಲೆಲ್ಲ ನಮ್ಮನ್ನು ಒಂದೇ ಪ್ರಶ್ನೆ ಕೇಳುತ್ತಿದೆ: ಕೆಟ್ಟುದನ್ನು ನೀವು ಹೇಗೆ ಕಟ್ಟುವಿರಿ?

ಸೇತುವೆ ನೆರೆಯಲ್ಲಿ ಹೇಗೆ ಬೀಳುತ್ತದೆಂಬುದನ್ನು ಮೊದಲು ತಿಳಿಯೋಣ. ನೀರು ಬಂದು ಕಂಬವನ್ನು ಗುದ್ದಿ ಕೆಡಹುತ್ತದೆಂದು ಸಾಮಾನ್ಯವಾಗಿ ಜನರು ಭಾವಿಸುವರು. ಹಾಗೆ ಆಗುವುದು ಕಡಮೆ. ಅಗಲವಾಗಿ ಹರಡಿ ಬರುತ್ತಿದ್ದ ಹೊಳೆಯು ಕಂಬಗಳ ನಡುವಿನ ಇಕ್ಕಟ್ಟಿಗೆ ಸಿಕ್ಕಿದೊಡನೆ ವೇಗವನ್ನು ಪಡೆದು ತಳದ ಮರಳನ್ನೂ ಮಣ್ಣನ್ನೂ ಕೊರೆಯತೊಡಗುತ್ತದೆ. ಅಸ್ತಿಭಾರದ ಸುತ್ತ ಹಳ್ಳ ಬೀಳುತ್ತದೆ. ಅಸ್ತಿಭಾರ ಆಳವಾಗಿಲ್ಲದಿದ್ದರೆ ಕಂಬ ಒಂದಿಷ್ಟು ವಾಲುತ್ತದೆ. ಕಂಬ ವಾಲಿದರೆ ಗರ್ಡರು ನಿಲ್ಲದು. ಮೇಲಿನಿಂದ ತೇಲಿಬಂದ ದಿಮ್ಮಿಗಳೂ ಬೇರುಸಹಿತ ಕಿತ್ತ ಮರಗಳೂ ಕಣ್ಣುಗಳಿಗೆ ಅಡ್ಡಬಿದ್ದರೆ ಇಕ್ಕಟ್ಟು ಇಮ್ಮಡಿಯಾಗುತ್ತದೆ. ಕೆಲವು ವೇಳೆ ಸೇತುವೆ ಗಟ್ಟಿಯಾಗಿಯೇ ನಿಂತು, ಅದರ ಎರಡು ತುದಿಗಳ ಮಣ್ಣಿನ ಏರಿ ಮಾತ್ರ ಕೊಚ್ಚಿಹೋಗಿ, ಹಳಿಯು ತೋರಣದಂತೆ ಗಾಳಿಯಲ್ಲಿ ತೂಗಾಡುವುದುಂಟು. ಇದರಲ್ಲಿ ಒಂದು ಮೋಸವೂ ಇದೆ: ನೆರೆ ಉಕ್ಕಿದಾಗ ತೋಡಿದ ಹಳ್ಳವನ್ನು ನೆರೆ ಇಳಿಯುವಾಗ ಅದೇ ನೀರು ಹೂಳಿನಿಂದ ತುಂಬಿಬಿಡುತ್ತದೆ. ಮಳೆ ನಿಂತ ಮೇಲೆ ಬಂದು ನೋಡಿದವನ ಕಣ್ಣಿಗೆ ತಳ ಸಮನಾಗಿಯೇ ಕಾಣುತ್ತದೆ. ಕಣ್ಣಳತೆಯನ್ನು ನಂಬಿ ಹಳೆಯ ಆಳದಲ್ಲಿಯೇ ಹೊಸ ಕಂಬವನ್ನು ಎಬ್ಬಿಸುವುದು ಮುಂದಿನ ಅನಾಹುತಕ್ಕೆ ಮುಹೂರ್ತವಿಟ್ಟಂತೆ.

ಬಿದ್ದ ಸೇತುವೆಯನ್ನು ಶೀಘ್ರವಾಗಿ ಎಬ್ಬಿಸುವುದರಲ್ಲಿ ನಮ್ಮ ದೇಶದವರು ಯಾರಿಗೂ ಕಡಮೆಯಲ್ಲ. ೧೯೬೪ನೆಯ ಡಿಸೆಂಬರ್ ೨೨ರ ರಾತ್ರಿ ಬೀಸಿದ ಚಂಡಮಾರುತಕ್ಕೆ ಸಮುದ್ರವು ಉಕ್ಕಿ ಪಾಂಬನ್ ಸೇತುವೆಯ ೧೨೬ ಗರ್ಡರುಗಳನ್ನು ಸೆಳೆದೊಯ್ದಿತು. ಧನುಷ್ಕೋಟಿಗೆ ಹೋಗುತ್ತಿದ್ದ ಗಾಡಿಯೊಂದು ಪ್ರಯಾಣಿಕರ ಸಮೇತ ಮುಳುಗಿತು. ಆರು ತಿಂಗಳಲ್ಲಿ ಸೇತುವೆಯನ್ನು ಸರಿಪಡಿಸಬೇಕೆಂದು ರೈಲ್ವೆಯವರು ನಿಶ್ಚಯಿಸಿದರು. ಮೇಲಧಿಕಾರಿಯು ಮೂರೇ ತಿಂಗಳ ಗಡುವು ಕೊಟ್ಟರು. ಅಂದು ತರುಣ ಇಂಜಿನಿಯರರಾಗಿದ್ದ ಈ. ಶ್ರೀಧರನ್ ಅವರು ಮೀನುಗಾರರ ನೆರವಿನಿಂದ ಕಡಲಿನಲ್ಲಿ ಬಿದ್ದ ಗರ್ಡರುಗಳನ್ನು ಹುಡುಕಿಸಿ ಎತ್ತಿಸಿ ೪೬ ದಿನಗಳಲ್ಲಿ ಕೆಲಸವನ್ನು ಮುಗಿಸಿದರು. ನಮ್ಮ ಉತ್ತರ ಕನ್ನಡ, ಉಡುಪಿಗಳ ತೀರವನ್ನು ಹಾದುಹೋಗುವ ಕೊಂಕಣ ರೈಲ್ವೆಯನ್ನು ಮುಂದೆ ಕಟ್ಟಿಸಿದವರೂ ಇವರೇ. ಹೊನ್ನಾವರದಲ್ಲಿ ಶರಾವತಿಯನ್ನು ದಾಟುವ, ಎರಡು ಕಿಲೋಮೀಟರಿಗೂ ಉದ್ದವಾದ ಸೇತುವೆ ಆ ಮಾರ್ಗದಲ್ಲಿಯೇ ಅತಿ ದೊಡ್ಡದು.

ಆದರೆ ಎಲ್ಲ ಸೇತುವೆಗಳಿಗೂ ಎಲ್ಲ ಹಳಿಗಳಿಗೂ ಈ ಭಾಗ್ಯ ಬಂದಿಲ್ಲ. ಪಾಂಬನ್ ಸೇತುವೆ ಎದ್ದಿತು. ಅದರಾಚೆ ಧನುಷ್ಕೋಟಿಯವರೆಗೆ ಇದ್ದ ಹಳಿ ಏಳಲಿಲ್ಲ. ಕಾವೇರಿಯ ತೀರದವರು ಇಂದಿಗೂ ನೆನೆಯುವ ೧೯೨೪ರ ಜುಲೈ ತಿಂಗಳ ಮಹಾಪೂರದಲ್ಲಿ ಮುನ್ನಾರಿನ ಮಲೆಗಳಲ್ಲಿ ಚಹದ ಪೆಟ್ಟಿಗೆಗಳನ್ನು ಹೊರುತ್ತಿದ್ದ ಕುಂಡಲ ಕಣಿವೆಯ ಪುಟ್ಟ ರೈಲು ಸಂಪೂರ್ಣ ನಾಶವಾಯಿತು. ಮತ್ತೆ ಅದನ್ನು ಯಾರೂ ಕಟ್ಟಲಿಲ್ಲ. ಯಾವುದನ್ನು ಕಟ್ಟಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಕೇವಲ ಇಂಜಿನಿಯರರು ನಿರ್ಣಯಿಸುವುದಿಲ್ಲ. ಆ ದಾರಿ ಯಾರಿಗೆ ಬೇಕಾಗಿದೆ, ಬೇಕಾದವರ ಧ್ವನಿ ಎಷ್ಟು ದೂರ ಕೇಳುತ್ತದೆ ಎಂಬುದೂ ನಿರ್ಣಯಿಸುತ್ತದೆ. ಧ್ವನಿ ಎತ್ತದ ನಾಡಿನ ಸೇತುವೆ ಕಡತಗಳಲ್ಲಿಯೇ ಕೊಳೆಯುತ್ತದೆ.

ಇಷ್ಟಾದರೂ ಶೀಘ್ರತೆಯೊಂದೇ ಸಾಲದೆಂದು ನಾವು ಒತ್ತಿ ಹೇಳಬೇಕಾಗಿದೆ. ಕೊಡಗು ಮೈಸೂರು ರಾಜ್ಯದೊಡನೆ ಒಂದಾದುದು ೧೯೫೬ರ ನವೆಂಬರ್ ೧ರಂದು. ಕನ್ನಡಿಗರ ಆ ಸಂಭ್ರಮಕ್ಕೆ ಇನ್ನೂ ಒಂದು ತಿಂಗಳು ತುಂಬಿರಲಿಲ್ಲ. ಅದೇ ನವೆಂಬರ್ ೨೩ರಂದು ತಮಿಳು ನಾಡಿನ ಅರಿಯಲೂರಿನ ಬಳಿ ಮಳೆಯ ನೀರು ಸೇತುವೆಯ ಆಸರೆಯನ್ನು ಕೊರೆದು, ತೂತ್ತುಕುಡಿಗೆ ಹೊರಟಿದ್ದ ಗಾಡಿ ಹೊಳೆಗೆ ಬಿದ್ದು ೧೪೦ಕ್ಕೂ ಹೆಚ್ಚು ಜನರು ಸತ್ತರು. ರೈಲ್ವೆ ಮಂತ್ರಿಗಳಾಗಿದ್ದ ಲಾಲ್ ಬಹಾದುರ್ ಶಾಸ್ತ್ರಿಗಳು ರಾಜೀನಾಮೆಯನ್ನು ಕೊಟ್ಟರು. ಅದೇ ವರ್ಷ ಮೆಹಬೂಬನಗರದ ಸಮೀಪ ಸೇತುವೆ ಕುಸಿದಾಗಲೂ ಅವರು ಪದವಿಯನ್ನು ಬಿಡಲು ಸಿದ್ಧರಾಗಿದ್ದರು. ಪ್ರಧಾನಿ ನೆಹರೂ ಅವರು ಆಗ ಒಪ್ಪಿರಲಿಲ್ಲ. ಶಾಸ್ತ್ರಿಗಳು ತಾವೇ ಹೋಗಿ ಅಸ್ತಿಭಾರ ತೋಡಿದವರಲ್ಲ. ಆದರೂ ಮಳೆಯ ಮೇಲೆ ದೂರು ಹೊರಿಸಿ ಅವರು ಕೈತೊಳೆದುಕೊಳ್ಳಲಿಲ್ಲ. ಆ ಮೇಲ್ಪಂಕ್ತಿಯನ್ನು ನಾವು ಇಂದಿಗೂ ಹೊಗಳುತ್ತೇವೆ. ಅನುಸರಿಸುವವರು ಎಷ್ಟು ಮಂದಿ ಇದ್ದಾರೆಂಬುದನ್ನು ವಾಚಕರೇ ಎಣಿಸಿಕೊಳ್ಳಲಿ.

ಕರಾವಳಿಯವರಿಗೆ ಇನ್ನೂ ಹತ್ತಿರದ ನೆನಪು ಕಡಲುಂಡಿಯದು. ೨೦೦೧ರ ಜೂನ್ ೨೨ರಂದು, ಮಳೆಗಾಲದಲ್ಲಿ, ಮಂಗಳೂರಿನಿಂದ ಚೆನ್ನೈಗೆ ಹೊರಟ ಮೇಲ್ ಗಾಡಿಯು ಕೋಳಿಕ್ಕೋಡಿನ ದಕ್ಷಿಣಕ್ಕಿರುವ ಕಡಲುಂಡಿ ಹೊಳೆಯ ಮೇಲೆ ಬರುತ್ತಿದ್ದಾಗ, ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿದ್ದ ಆ ಸೇತುವೆ ಕುಸಿಯಿತು. ಐವತ್ತಕ್ಕೂ ಮೇಲ್ಪಟ್ಟು ಜನರು ಪ್ರಾಣ ಬಿಟ್ಟರು. ಆ ಮೇಲೆ ಹೊಸ ಸೇತುವೆ ಬಂದಿತು. ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದರೆಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಿದರೆ?

ನೆರೆಯಲ್ಲಿ ಸೇತುವೆ ಬಿದ್ದಾಗಲೆಲ್ಲ "ಇದು ದೈವಕೃತ, ಮನುಷ್ಯನು ಏನು ಮಾಡಿಯಾನು?" ಎಂಬ ಮಾತು ಕಚೇರಿಗಳಿಂದ ಹೊರಡುತ್ತದೆ. ನ್ಯಾಯಾಲಯಗಳಲ್ಲಿ ಈ ಮಾತಿನ ಬೆಲೆ ಎಷ್ಟೆಂಬುದನ್ನು ಬಲ್ಲವರಾದುದರಿಂದ ಇಲ್ಲಿ ಒಂದು ಹಳೆಯ ವ್ಯಾಜ್ಯವನ್ನು ವಾಚಕರ ಮುಂದಿಡುತ್ತೇವೆ. ಕಾರ್ವೇಟಿನಗರದ ಜಮೀನುದಾರರ ಕೆರೆಗಳು ಅಸಾಧಾರಣ ಮಳೆಗೆ ಒಡೆದು, ಆ ನೀರಿನಿಂದ ಮದರಾಸು ರೈಲ್ವೆ ಕಂಪನಿಯ ಸೇತುವೆಗಳೂ ಕಾಮಗಾರಿಗಳೂ ಕೊಚ್ಚಿಹೋದವು. ಕಂಪನಿಯು ನಷ್ಟಕ್ಕಾಗಿ ದಾವೆ ಹೂಡಿತು. ೧೮೭೪ರಲ್ಲಿ ಪ್ರಿವಿ ಕೌನ್ಸಿಲಿನವರು ಜಮೀನುದಾರರ ಪಕ್ಷವಾಗಿ ತೀರ್ಪಿತ್ತರು. ಪುರಾತನ ಕಾಲದಿಂದ ರೈತರ ಜೀವನಕ್ಕೆ ಆಧಾರವಾಗಿರುವ ಕೆರೆಗಳನ್ನು ಕಾಪಾಡುವುದು ಆ ಜಮೀನುದಾರರ ಕರ್ತವ್ಯವೇ ಆಗಿದೆ. ಅವರ ಕಡೆಯಿಂದ ಅಲಕ್ಷ್ಯವೇನೂ ನಡೆದಿಲ್ಲ. ಆದುದರಿಂದ ಅವರು ಹೊಣೆಗಾರರಲ್ಲ ಎಂಬುದು ಆ ತೀರ್ಪಿನ ಸಾರ. ಇದರಿಂದ ನಾವು ಕಲಿಯತಕ್ಕದ್ದೇನೆಂದರೆ, ಮಳೆ ಎಷ್ಟು ಬಿದ್ದಿತೆಂಬುದನ್ನು ಮಾತ್ರ ಕೇಳಿ ನ್ಯಾಯವು ಸುಮ್ಮನಾಗುವುದಿಲ್ಲ; ಮಳೆ ಬೀಳುವುದಕ್ಕೆ ಮುಂಚೆ ನೀನು ಎಷ್ಟು ಎಚ್ಚರದಿಂದಿದ್ದೆ ಎಂದೂ ಅದು ಕೇಳುತ್ತದೆ. ಅಂದು ಜಮೀನುದಾರರನ್ನು ಉಳಿಸಿದ ಅದೇ ಪ್ರಶ್ನೆಗೆ ಇಂದು ಸೇತುವೆಯ ಒಡೆಯರೂ ಉತ್ತರ ಕೊಡಬೇಕಾಗಿದೆ.

ಎಚ್ಚರಕ್ಕೆ ಲೆಕ್ಕವೂ ಉಂಟು. ಸಾಮಾನ್ಯ ಸೇತುವೆಗಳನ್ನು ೫೦ ವರ್ಷಗಳಿಗೊಮ್ಮೆ ಬರಬಹುದಾದ ನೆರೆಗೂ, ಮುಖ್ಯವಾದ ಮಾರ್ಗಗಳವನ್ನು ೧೦೦ ವರ್ಷಗಳಿಗೊಮ್ಮೆ ಬರಬಹುದಾದ ನೆರೆಗೂ ಹೊಂದುವಂತೆ ಕಟ್ಟುವುದು ವಾಡಿಕೆ. ೫೦ ವರ್ಷಗಳ ನೆರೆಯೆಂದರೆ ಒಮ್ಮೆ ಬಂದು ಮತ್ತೆ ೫೦ ವರ್ಷ ಮಲಗುತ್ತದೆಂದು ಅರ್ಥವಲ್ಲ. ಯಾವ ವರ್ಷದಲ್ಲಾದರೂ ಅದು ಬರುವ ಸಂಭವ ಐವತ್ತರಲ್ಲಿ ಒಂದು ಪಾಲೆಂದು ಅರ್ಥ. ಶಾಲಾ ಉಪಾಧ್ಯಾಯರು ಗುಣಿಸಿ ನೋಡಲಿ: ನೂರು ವರ್ಷ ನಿಲ್ಲಬೇಕಾದ ಸೇತುವೆ ಅಂಥ ನೆರೆಯನ್ನು ಒಮ್ಮೆಯೂ ಕಾಣದೆ ಪಾರಾಗುವ ಸಂಭವ ಏಳೆಂಟರಲ್ಲಿ ಒಂದು ಪಾಲು ಮಾತ್ರ. ಅದೂ ಹಳೆಯ ಮಳೆಯ ಲೆಕ್ಕದಲ್ಲಿ. ಹಲವು ದಿನಗಳ ಮಳೆ ಒಂದೆರಡು ದಿನಗಳಲ್ಲಿ ಸುರಿಯುವ ವರ್ಷಗಳನ್ನು ಕಂಡ ಮೇಲೂ ಅಜ್ಜನ ಕಾಲದ ಅಳತೆಯನ್ನೇ ಹಿಡಿದು ಕಣ್ಣುಗಳ ಅಗಲವನ್ನು ಗೊತ್ತುಮಾಡಿದರೆ, ಅದು ಮಿತವ್ಯಯವೆನಿಸದು. ಸಾಲವನ್ನು ಮೊಮ್ಮಕ್ಕಳ ತಲೆಗೆ ಕಟ್ಟಿದಂತಾಗುವುದು.

ಇನ್ನು ಕನ್ನಡಿಗರ ಏಕೀಕರಣಕ್ಕಾಗಿ ದುಡಿದವರೆಲ್ಲರ ಮನಸ್ಸಿಗೆ ನೋವಾಗುವ ವಿಚಾರವೊಂದನ್ನು ಹೇಳಬೇಕಾಗಿದೆ. ಭೂಪಟದ ಮೇಲೆ ನಾಡು ಒಂದಾಯಿತು. ಹಳಿಗಳ ಮೇಲೆ ಇನ್ನೂ ಒಂದಾಗಿಲ್ಲ. ಹುಬ್ಬಳ್ಳಿಯನ್ನು ಕೇಂದ್ರವಾಗುಳ್ಳ ನೈಋತ್ಯ ರೈಲ್ವೆಯು ೨೦೦೩ರಲ್ಲಿ ಬಂದಿತು. ಅದು ಸಂತೋಷದ ಸಂಗತಿ. ಆದರೆ ಮಂಗಳೂರು ನಿಲ್ದಾಣವು ಪಾಲಕ್ಕಾಡು ವಿಭಾಗದ ಮೂಲಕ ಚೆನ್ನೈಯ ಆಡಳಿತಕ್ಕೆ ಸೇರಿದೆ. ಅಲ್ಲಿಂದ ಉತ್ತರಕ್ಕೆ ಹೋದರೆ ನವಿ ಮುಂಬಯಿಯಲ್ಲಿ ಕಚೇರಿಯುಳ್ಳ ಕೊಂಕಣ ರೈಲ್ವೆ ನಿಗಮ. ಘಾಟಿಯ ಮಾರ್ಗ ಮೈಸೂರು ವಿಭಾಗದ್ದು. ಕಲಬುರಗಿಯಲ್ಲಿ ಸೊಲ್ಲಾಪುರ ವಿಭಾಗದವರ ಆಡಳಿತ. ಒಂದೇ ಮಳೆ ಘಾಟಿಯ ಮೇಲೂ ಕರಾವಳಿಯ ಮೇಲೂ ಬೀಳುತ್ತದೆ. ಅದರ ಪರಿಣಾಮವನ್ನು ನೋಡಿಕೊಳ್ಳುವವರು ಮೂರು ಊರುಗಳಲ್ಲಿ ಕುಳಿತಿರುತ್ತಾರೆ. ಅನ್ಯಪ್ರಾಂತದ ಅಧಿಕಾರಿಗಳ ಮೇಲೆ ನಮಗೆ ಲೇಶವೂ ದ್ವೇಷವಿಲ್ಲ. ಅರಿಯಲೂರಿನಲ್ಲಿ ಸತ್ತವರೂ ಕಡಲುಂಡಿಯಲ್ಲಿ ಸತ್ತವರೂ ನಮ್ಮವರೇ. ನಾವು ಹೇಳುವುದು ಇಷ್ಟೇ: ಹೊಣೆ ಹಂಚಿಹೋದಲ್ಲಿ ಹೊಣೆಗಾರನು ಸಿಕ್ಕುವುದಿಲ್ಲ. ಕರಾವಳಿಯನ್ನೂ ಮಲೆಯನ್ನೂ ಕೂಡಿಸುವ ಹಳಿಗಳೆಲ್ಲ ಒಂದು ಆಡಳಿತಕ್ಕೆ ಬರಬೇಕೆಂದು ಕರಾವಳಿಯ ಜನರು ಬಹುಕಾಲದಿಂದ ಕೇಳುತ್ತಿರುವುದು ನ್ಯಾಯವಾಗಿದೆ.

ಕೊಡಗಿನವರಾಗಿ ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಇದೆ. ಮೈಸೂರಿನಿಂದ ಕುಶಾಲನಗರಕ್ಕೆ ಹಳಿ ಹಾಕಬೇಕೆಂಬ ಯೋಜನೆಯೂ, ಕೊಡಗನ್ನು ಹಾದು ತಲಚೇರಿಗೆ ಹೋಗಬೇಕೆಂಬ ಪ್ರಸ್ತಾಪವೂ ಆಗಾಗ್ಗೆ ತಲೆಯೆತ್ತುತ್ತವೆ. ರೈಲು ಬಂದರೆ ನಾಡು ಏಳಿಗೆಯಾದೀತೆಂದು ಒಂದು ಪಕ್ಷ. ಕಾಡು ಬೆಟ್ಟಗಳು ಅಳಿದು ಕಾವೇರಿಯ ಮೂಲವೇ ಬತ್ತೀತೆಂದು ಇನ್ನೊಂದು ಪಕ್ಷ. ನಾವು ರೈಲಿನ ವೈರಿಗಳಲ್ಲ. ಆದರೆ ೨೦೧೮ರ ಭೂಕುಸಿತಗಳನ್ನು ಪರೀಕ್ಷಿಸಿದ ಭೂವಿಜ್ಞಾನಿಗಳು ಬೆಟ್ಟದ ಇಳಿಜಾರನ್ನು ಕ್ರಮವಿಲ್ಲದೆ ಕಡಿದುದನ್ನು ಮುಖ್ಯ ಕಾರಣಗಳಲ್ಲಿ ಎಣಿಸಿದರು. ಹೀಗೆ ಕಡಿದವರು ಹೊರಗಿನವರು ಮಾತ್ರವೆಂದು ನಾವು ಎದೆ ಮುಟ್ಟಿ ಹೇಳಲಾರೆವು. ಮನೆಗಾಗಿ, ವಸತಿಗೃಹಗಳಿಗಾಗಿ, ರಸ್ತೆಗಾಗಿ ನಮ್ಮವರೂ ಕಡಿದಿದ್ದಾರೆ. ಸಕಲೇಶಪುರದ ಘಾಟಿಯಲ್ಲಿ ಈಗಾಗಲೇ ಇರುವ ಹಳಿಯನ್ನು ಒಂದು ಮಳೆಗಾಲವೂ ನಿಶ್ಚಿಂತೆಯಿಂದ ಕಾಯಲಾರದವರು ಬ್ರಹ್ಮಗಿರಿಯ ಮಗ್ಗುಲಲ್ಲಿ ಹೊಸ ಹಳಿಯನ್ನು ಹೇಗೆ ಕಾಯುವರು? ಮೊದಲು ಹಳೆಯ ಲೆಕ್ಕವನ್ನು ಒಪ್ಪಿಸಲಿ. ಆಮೇಲೆ ಹೊಸ ಲೆಕ್ಕದ ಮಾತು.

ನಮ್ಮ ಈ ಮಾತಿಗೆ ಎದುರುತ್ತರವೊಂದು ಬರಬಹುದು. "ಜನರು ದಾರಿಯಿಲ್ಲದೆ ಪರದಾಡುತ್ತಿರುವಾಗ ವಿಚಾರಣೆ, ವರದಿ, ಅಳತೆಗಳೆಂದು ಕಾಲಹರಣ ಮಾಡುವುದೇ?" ಎಂದು. ಆ ಆಕ್ಷೇಪವನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ೨೦೧೯ರಲ್ಲಿ ಲಕ್ಷ್ಮಣತೀರ್ಥವು ದಡ ಮೀರಿ ದಕ್ಷಿಣ ಕೊಡಗಿನ ಗದ್ದೆಗಳ ಮೇಲೆ ಹರಿದಾಗ ದಾರಿ ಕಡಿಯುವುದೆಂದರೇನೆಂಬುದು ಈ ಸೀಮೆಯವರ ಅನುಭವಕ್ಕೆ ಬಂದಿದೆ. ಆದರೆ ತ್ವರೆಗೂ ದೃಢತೆಗೂ ವಿರೋಧವಿಲ್ಲ. ಸ್ಲೀಪರುಗಳ ಅಟ್ಟಣೆಯನ್ನು ಕಟ್ಟಿ, ಬಂಡೆಗಳನ್ನು ತುಂಬಿ, ನಡಿಗೆಯ ವೇಗದಲ್ಲಿ ಗಾಡಿಯನ್ನು ಬಿಡುವುದು ರೈಲ್ವೆಯವರಿಗೆ ಚೆನ್ನಾಗಿ ತಿಳಿದ ವಿದ್ಯೆ. ಆ ತಾತ್ಕಾಲಿಕ ದಾರಿ ಬೇಗ ಆಗಲಿ. ಅದು ನಿಂತಿರುವಾಗಲೇ ಶಾಶ್ವತವಾದುದನ್ನು ಆಳದಿಂದ ಕಟ್ಟಲಿ. ತಾತ್ಕಾಲಿಕವಾದುದಕ್ಕೆ ಬಣ್ಣ ಬಳಿದು ಶಾಶ್ವತವೆಂದು ಕರೆಯುವುದನ್ನು ಮಾತ್ರ ನಾವು ಒಪ್ಪಲಾರೆವು.

ಆದುದರಿಂದ ನಾವು ಕೇಳುವುದು ನಾಲ್ಕೇ ವಿಷಯ. ಮೊದಲನೆಯದು, ನೆರೆಯಿಂದ ಸೇತುವೆಯಾಗಲಿ ಏರಿಯಾಗಲಿ ಕೆಟ್ಟಲ್ಲೆಲ್ಲ, ಜನರು ಸತ್ತಿರಲಿ ಸಾಯದಿರಲಿ, ಕಾರಣವನ್ನು ಶೋಧಿಸಿ ಕನ್ನಡದಲ್ಲಿ ಪ್ರಕಟಿಸಬೇಕು. ರೈಲ್ವೆ ಸುರಕ್ಷತಾ ಆಯುಕ್ತರು ರೈಲ್ವೆ ಸಚಿವಾಲಯಕ್ಕೆ ಅಧೀನರಾಗಬಾರದೆಂದೇ ಅವರನ್ನು ನಾಗರಿಕ ವಿಮಾನಯಾನ ಸಚಿವಾಲಯದ ಕೆಳಗೆ ಇರಿಸಲಾಗಿದೆ. ಆ ಸ್ವಾತಂತ್ರ್ಯದ ಫಲ ಜನರಿಗೂ ಮುಟ್ಟಲಿ. ಎರಡನೆಯದು, ಮರಳಿ ಕಟ್ಟುವಾಗ ಹೊಸ ಮಳೆಯ ಲೆಕ್ಕವನ್ನು ಹಿಡಿದು ಕಣ್ಣುಗಳನ್ನು ಅಗಲಿಸಿ ಅಸ್ತಿಭಾರವನ್ನು ಇಳಿಸಬೇಕು. ಮೂರನೆಯದು, ಸೇತುವೆಯ ವೆಚ್ಚದ ಒಂದು ಪಾಲು ಮೇಲಿನ ಬೆಟ್ಟಕ್ಕೆ ಹೋಗಬೇಕು: ಇಳಿಜಾರಿಗೆ ಕಟ್ಟಡ, ತೊರೆಗೆ ದಾರಿ, ನೆಲಕ್ಕೆ ಮರ. ನಾಲ್ಕನೆಯದು, ಮಳೆಯಲ್ಲಿ ಲಾಟೀನು ಹಿಡಿದು ರಾತ್ರಿಯೆಲ್ಲ ಹಳಿಯ ಮೇಲೆ ನಡೆಯುವ ಗಸ್ತಿನವರ ಸಂಖ್ಯೆಯನ್ನು ಉಳಿತಾಯದ ಹೆಸರಿನಲ್ಲಿ ಇಳಿಸಬಾರದು. ಬಿರುಕನ್ನು ಮೊದಲು ಕಾಣುವುದು ಅವರ ಕಣ್ಣು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗಿಲ್ಲವೆಂಬುದು ಕೃತಘ್ನರ ಮಾತು. ಈ ಗಸ್ತಿನವನೇ ನಮ್ಮ ಕಾಲದ ಅಂಬಿಗ.

ನಮ್ಮ ಓದುಗರಲ್ಲಿ ಉಪಾಧ್ಯಾಯರು ಬಹುಮಂದಿ. ಅವರಲ್ಲಿ ಒಂದು ಬಿನ್ನಹ. ರೈಲ್ವೆ ಸೇತುವೆಯ ಕಂಬಗಳ ಮೇಲೆ ಹಿಂದಿನ ಅತಿ ಹೆಚ್ಚಿನ ನೆರೆಯ ಮಟ್ಟವನ್ನೂ ಅಪಾಯದ ಮಟ್ಟವನ್ನೂ ಬಣ್ಣದಿಂದ ಗುರುತಿಸಿರುತ್ತಾರೆ. ವಿದ್ಯಾರ್ಥಿಗಳನ್ನು ಪ್ರವಾಸಕ್ಕೆ ಕರೆದೊಯ್ದಾಗ ಸುರಕ್ಷಿತವಾದ ದಡದಲ್ಲಿ ನಿಲ್ಲಿಸಿ ಆ ಗೆರೆಗಳನ್ನು ತೋರಿಸಿ. ಹೊಳೆ ಎಲ್ಲಿಂದ ಬಂದಿತು, ಅದರ ಮೇಲೆ ಯಾರ ಊರುಗಳಿವೆ, ಗೆರೆಯ ಮಟ್ಟಕ್ಕೆ ನೀರು ಏರಿದ ದಿನ ಯಾರು ಎಚ್ಚರವಾಗಿದ್ದರು ಎಂದು ಕೇಳಿ. ಸಾಗರಕಟ್ಟೆಯಲ್ಲಿ ನಿಂತ ಮೈಸೂರಿನ ಹುಡುಗನು "ಬಾಳೆಲೆಯಿಂದ" ಎಂದೂ, ಬಾಳೆಲೆಯ ಹುಡುಗಿಯು "ನಮ್ಮ ನೀರು ಸಾಗರಕಟ್ಟೆಗೆ" ಎಂದೂ ಉತ್ತರ ಕೊಡುವ ದಿನ, ೧೯೫೬ರಲ್ಲಿ ಕಾಗದದ ಮೇಲೆ ಆದ ಏಕೀಕರಣವು ಮಕ್ಕಳ ಮನಸ್ಸಿನಲ್ಲಿಯೂ ಆದೀತು. ಮುಂದಿನ ಕಕ್ಕಡ ಬರುವುದಕ್ಕೆ ಮೊದಲು ಕಟ್ಟತಕ್ಕವರು ಕಟ್ಟಲಿ. ಕೇಳತಕ್ಕ ನಾವು ಕೇಳುವುದನ್ನು ಬಿಡದಿರೋಣ.